ಗುಲಾಬಿ ಬಣ್ಣದ ಸಮುದ್ರ

ಶಾಲೆಯ ಗೋಡೆಯ ಮೇಲಿನ ಪ್ರಪಂಚ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಎಷ್ಟೋ ದೊಡ್ಡದಾಗಿ ಹರಡಿಕೊಂಡಿರುತ್ತದೆ. ನಿಜದಲ್ಲಿ ಅದರ ವಿಸ್ತೀರ್ಣ ಸುಮಾರು 22 ಲಕ್ಷ ಚದರ ಕಿಲೋಮೀಟರ್; ಭಾರತದ್ದು 33 ಲಕ್ಷದ ಹತ್ತಿರ. ಆಫ್ರಿಕಾವಂತೂ ಗ್ರೀನ್‌ಲ್ಯಾಂಡಿನ ಹದಿನಾಲ್ಕು ಪಟ್ಟು.

ಇದಕ್ಕೆ ಈ ಭೂಪಟದ ಮಾದರಿ ರೂಪಿಸಿದ ಮರ್ಕೇಟರ್‌ನನ್ನು ದೂರುವುದು ಅನ್ಯಾಯ. 1569ರಲ್ಲಿ ಅವನು ಭೂಪಟ ಬರೆದದ್ದು ನಾವಿಕರಿಗಾಗಿ. ಒಂದೇ ದಿಕ್ಕು ಹಿಡಿದು ಸಾಗುವ ಹಡಗಿನ ದಾರಿ ಹಾಳೆಯ ಮೇಲೆ ನೇರ ಗೆರೆಯಾಗಬೇಕಿತ್ತು. ಅದಕ್ಕಾಗಿ ಧ್ರುವದ ಕಡೆಯ ನೆಲವನ್ನು ಹಿಗ್ಗಿಸಿದ. ಹಡಗಿನಲ್ಲಿರಬೇಕಾದದ್ದನ್ನು ತರಗತಿಗೆ ತಂದು, ಭೂಮಿ ಇರುವುದೇ ಹೀಗೆ ಎಂದು ಮಕ್ಕಳಿಗೆ ತೋರಿಸಿದ್ದು ತಪ್ಪು. ಹಾಗಾದರೆ ಸರಿಯಾದ ಭೂಪಟ ತೂಗುಹಾಕಿದರೆ ಸಾಕೇ? ಸಾಲದು. ವಿಸ್ತೀರ್ಣ ಸರಿಪಡಿಸಲು ಹೋದರೆ ಆಕಾರ ಕೆಡುತ್ತದೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕು. ಏನನ್ನು ಎಂದು ಯಾರೋ ತೀರ್ಮಾನಿಸಿರುತ್ತಾರೆ. ಆ ಕೈ ನಮಗೆ ಕಾಣುವುದಿಲ್ಲ. ಅದನ್ನು ಕಾಣಿಸುವ ಕೆಲಸ ಕಲಾವಿದರದ್ದಾಯಿತು.

ಉರುಗ್ವೆಯ ಟೊರೆಸ್ ಗಾರ್ಸಿಯಾ 1943ರಲ್ಲಿ ದಕ್ಷಿಣ ಅಮೆರಿಕವನ್ನು ತಲೆಕೆಳಗಾಗಿ ಬರೆದರು. ನೋಡಿದರೆ ಮೊದಲು ಕಸಿವಿಸಿ. ಆದರೆ 12ನೇ ಶತಮಾನದಲ್ಲಿ ಭೂಗೋಳಜ್ಞ ಅಲ್ ಇದ್ರಿಸಿ ಸಿಸಿಲಿಯಲ್ಲಿ ಬರೆದ ಭೂಪಟದಲ್ಲೂ ದಕ್ಷಿಣವೇ ಮೇಲಿತ್ತು.

ನನ್ನನ್ನು ಇನ್ನೂ ಆಳವಾಗಿ ತಟ್ಟಿದ್ದು ಇಟಲಿಯ ಅಲಿಘಿಯೆರೊ ಬೊಯೆಟ್ಟಿ ಅವರ ಕಸೂತಿ ಭೂಪಟಗಳು. 1971ರಿಂದ ಎರಡು ದಶಕಕ್ಕೂ ಮೀರಿ ಅವನ್ನು ಅಫ್ಘಾನ್ ಹೆಣ್ಣುಮಕ್ಕಳು ಹಾಕಿದರು. ಮೊದಲು ಕಾಬೂಲಿನಲ್ಲಿ, ಸೋವಿಯತ್ ಸೇನೆ ನುಗ್ಗಿದ ಮೇಲೆ ನಿರಾಶ್ರಿತರಾಗಿ ಪೇಶಾವರದಲ್ಲಿ. ಪ್ರತಿ ದೇಶದೊಳಗೂ ಅದರ ಬಾವುಟ. ಒಮ್ಮೆ ಕೆಲಸ ಮುಗಿದು ಬಂದಾಗ ಸಮುದ್ರ ಗುಲಾಬಿಯಾಗಿತ್ತು! ಆ ಬಣ್ಣದ ದಾರ ಅವರಲ್ಲಿ ಧಾರಾಳವಾಗಿತ್ತು. ಕಡಲೇ ಇಲ್ಲದ ನಾಡಿನವರಿಗೆ ಅದು ನೀಲಿಯೇ ಆಗಬೇಕೆಂಬ ಕಟ್ಟಳೆ ಇರಲಿಲ್ಲ. ಬೊಯೆಟ್ಟಿ ಅದನ್ನು ಮೆಚ್ಚಿ, ಮುಂದೆ ಸಮುದ್ರದ ಬಣ್ಣವನ್ನು ಅವರಿಗೇ ಬಿಟ್ಟರು. ಅಲ್ಲಿ ಕೈ ಕಾಣುತ್ತದೆ. ಆದರೂ ಗ್ಯಾಲರಿಯ ಗೋಡೆ ಹೇಳುವುದು ಬೊಯೆಟ್ಟಿಯ ಹೆಸರನ್ನೇ. ಇದು ನನಗೆ ನೋವಿನ ಸಂಗತಿ.

ದಾರದ ಆಯ್ಕೆಯಿಂದ ಕಡಲಿನ ಬಣ್ಣವಷ್ಟೇ ಬದಲಾಯಿತು. ಗೆರೆಯ ಆಯ್ಕೆಯಿಂದ ಮನೆಗಳೇ ಹೋಗುತ್ತವೆ. ಅಲೀಗಢದಲ್ಲಿ ಹುಟ್ಟಿದ ಕಲಾವಿದೆ ಝರೀನಾ 2001ರಲ್ಲಿ ಮರದ ಅಚ್ಚಿನಲ್ಲಿ ಭಾರತ-ಪಾಕಿಸ್ತಾನದ ನಡುವಿನ ಗೆರೆಯೊಂದನ್ನೇ ಮುದ್ರಿಸಿದರು. ಅವರ ಮನೆಯವರು ಗೆರೆಯ ಆಚೆಗೆ ಹೋಗಿ ನೆಲೆಸಿದ್ದರು. ಆ ಗೆರೆ ಎಳೆದ ಬ್ರಿಟಿಷ್ ವಕೀಲ ರಾಡ್‌ಕ್ಲಿಫ್ 1947ರ ಜುಲೈವರೆಗೆ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಸುಮಾರು ಐದು ವಾರಗಳಲ್ಲಿ ಕೆಲಸ ಮುಗಿಸಿದ.