ಹೆಬ್ಬೆರಳನ್ನು ಉಳಿಸಿಕೊಂಡ ಏಕಲವ್ಯ

ಗತಿಸಿದ ಹಿರಿಯ ಗಾಯಕನ ಹಾಡುಗಳನ್ನು ಕಿರಿಯನೊಬ್ಬನು ಮತ್ತೆ ಹಾಡಿ, ಅದನ್ನು ನಮನವೆಂದು ಕರೆದು ಧ್ವನಿಮುದ್ರಿಕೆಯಾಗಿ ಹೊರತರುವುದು ಪಶ್ಚಿಮದ ಜಾಝ್ ಲೋಕದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಇಂಥ ನಮನಗಳಲ್ಲಿ ಬಹುಪಾಲು ಒಮ್ಮೆ ಕೇಳಿ ಮರೆಯತಕ್ಕವು. ಮೂಲವೇ ಕೈಗೆಟಕುವಂತಿರುವಾಗ ಪ್ರತಿಯನ್ನು ಕೇಳುವವರಾರು? ಆದರೂ ಕೆಲವು ಉಳಿಯುತ್ತವೆ. ಅವು ಏಕೆ ಉಳಿಯುತ್ತವೆ ಎಂಬುದಕ್ಕೆ ಅಮೆರಿಕದ ಗಾಯಕ ಗ್ರೆಗರಿ ಪೋರ್ಟರ್ 2017ರಲ್ಲಿ ಹೊರತಂದ ‘ನ್ಯಾಟ್ ಕಿಂಗ್ ಕೋಲ್ ಅಂಡ್ ಮಿ’ ಒಂದು ಒಳ್ಳೆಯ ನಿದರ್ಶನ.

ನ್ಯಾಟ್ ಕಿಂಗ್ ಕೋಲ್ 1919ರಲ್ಲಿ ಅಲಬಾಮಾದಲ್ಲಿ ಹುಟ್ಟಿ ಶಿಕಾಗೋದಲ್ಲಿ ಬೆಳೆದವನು. ಮೊದಲು ಹೆಸರಾದದ್ದು ಪಿಯಾನೋ ವಾದಕನೆಂದು. ಮೈಕ್ರೊಫೋನನ್ನು ಆಪ್ತನ ಕಿವಿಯೆಂದೇ ಬಗೆದು ಮೆಲುದನಿಯಲ್ಲಿ ಹಾಡುವ ಗಾಯಕರನ್ನು ಅಲ್ಲಿ ‘ಕ್ರೂನರ್’ ಎನ್ನುತ್ತಾರೆ. 1948ರ ‘ನೇಚರ್ ಬಾಯ್’, 1950ರ ‘ಮೋನಾ ಲೀಸಾ’ ಹಾಡುಗಳು ಕೋಲನನ್ನು ಆ ಸಾಲಿನ ಅಗ್ರಗಣ್ಯರಲ್ಲಿ ಕೂರಿಸಿದವು. ಅಷ್ಟಾದರೂ ಕಪ್ಪುಮನುಷ್ಯನೆಂಬ ಕಾರಣಕ್ಕೆ 1956ರ ಏಪ್ರಿಲಿನಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ರಂಗದ ಮೇಲೆಯೇ ವರ್ಣದ್ವೇಷಿಗಳು ಅವನ ಮೇಲೆ ಬಿದ್ದರು. ಅದೇ ವರ್ಷ ಆರಂಭವಾದ ಅವನ ಟೆಲಿವಿಷನ್ ಕಾರ್ಯಕ್ರಮ, ದೇಶವ್ಯಾಪಿ ಪ್ರಾಯೋಜಕರು ದೊರೆಯದೆ 1957ರ ಡಿಸೆಂಬರಿನಲ್ಲಿ ನಿಂತಿತು. 1965ರಲ್ಲಿ, 45ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಅವನನ್ನು ಕೊಂಡೊಯ್ದಿತು. ಆ ದನಿಯಲ್ಲಿರುವ ಶಾಂತಿ ನೋವನ್ನರಿಯದವನ ಶಾಂತಿಯಲ್ಲ.

ಪೋರ್ಟರ್ ಹುಟ್ಟಿದ್ದು 1971ರಲ್ಲಿ. ಗುರು ತೀರಿ ಆರು ವರ್ಷ ಕಳೆದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಧರ್ಮೋಪದೇಶಕಿಯಾದ ತಾಯಿ ಅವನನ್ನು ಬೆಳೆಸಿದಳು. ತಂದೆ ಇದ್ದೂ ಇಲ್ಲದವನು. ಎಳೆಯ ಮಗನ ಹಾಡು ಕೇಳಿ ತಾಯಿ, ನ್ಯಾಟ್ ಕಿಂಗ್ ಕೋಲನಂತೆ ಹಾಡುತ್ತೀಯೆ ಎಂದಳಂತೆ. ಹುಡುಗ ಮನೆಯಲ್ಲಿದ್ದ ಧ್ವನಿಮುದ್ರಿಕೆಗಳನ್ನು ಹುಡುಕಿ ತೆಗೆದ. ಆ ದನಿಯನ್ನೇ ತಂದೆಯ ದನಿಯೆಂದು ಭಾವಿಸಿಕೊಂಡು ಬೆಳೆದ. ಮಣ್ಣಿನ ದ್ರೋಣನೆದುರು ಬಿಲ್ವಿದ್ಯೆ ಕಲಿತ ಏಕಲವ್ಯನ ನೆನಪು ವಾಚಕರಿಗೆ ಬಾರದಿರದು.

ಏಕಲವ್ಯನ ಕಥೆಯಲ್ಲಿ ದಕ್ಷಿಣೆಯ ಪ್ರಶ್ನೆಯೂ ಇದೆಯಷ್ಟೆ. ಗಾಯಕನಿಗೆ ಹೆಬ್ಬೆರಳೆಂದರೆ ಅವನ ಸ್ವಂತ ದನಿ. ಸತ್ತ ಗುರು ಅದನ್ನು ಕೇಳಲಾರ. ಆದರೆ ಭಕ್ತಿಯ ಭರದಲ್ಲಿ ಶಿಷ್ಯನೇ ಕತ್ತರಿಸಿ ಅರ್ಪಿಸಿಬಿಡುವ ಅಪಾಯವುಂಟು. ಗುರುವಿನ ಉಸಿರು, ಗುರುವಿನ ನಿಲುಗಡೆ, ಗುರುವಿನ ಮುಗುಳ್ನಗೆ, ಎಲ್ಲವನ್ನೂ ಎರವಲು ಪಡೆದು ಹಾಡುವ ನಮನಕಾರರು ಎಷ್ಟಿಲ್ಲ!

ಪೋರ್ಟರ್ ಹಾಗೆ ಮಾಡಲಿಲ್ಲ. ಕೋಲನದು ಹಗುರವಾದ, ಮಂಜು ಕವಿದಂತಹ ದನಿ. ಇವನದು ಚರ್ಚಿನ ಪ್ರಾರ್ಥನಾಗೀತಗಳಲ್ಲಿ ಹದಗೊಂಡ, ಭಾರವಾದ, ಎದೆಯಾಳದ ದನಿ. ಅದನ್ನು ಇವನು ಮರೆಮಾಚುವುದಿಲ್ಲ. ‘ಐ ವಂಡರ್ ಹೂ ಮೈ ಡ್ಯಾಡಿ ಈಸ್’ ಎಂಬ ಹಾಡನ್ನು ಆಯ್ದು ಸೇರಿಸಿಕೊಂಡದ್ದು ತನ್ನ ಗಾಯವನ್ನೇ ತೆರೆದಿಟ್ಟಂತೆ. ತಾನೇ ರಚಿಸಿದ ‘ವೆನ್ ಲವ್ ವಾಸ್ ಕಿಂಗ್’ ಅನ್ನೂ ಗುರುವಿನ ಹಾಡುಗಳ ನಡುವೆ ಇರಿಸಿದ್ದಾನೆ. ಕೆಲವರಿಗೆ ಇದು ಉದ್ಧಟತನವೆನಿಸಬಹುದು. ನನಗೆ ಇದೇ ನಿಜವಾದ ದಕ್ಷಿಣೆಯೆಂದು ತೋರುತ್ತದೆ: ನೀವು ಕಲಿಸಿದ್ದು ನನ್ನಲ್ಲಿ ಹೀಗೆ ಫಲಿಸಿತು ಎಂದು ತೋರಿಸುವುದು.

ದೋಷವಿಲ್ಲವೆಂದಲ್ಲ. ವಿನ್ಸ್ ಮೆಂಡೋಜಾ ಸಂಯೋಜಿಸಿದ ದೊಡ್ಡ ವಾದ್ಯವೃಂದದ ತಂತಿಗಳು ಕೆಲವೆಡೆ ರೇಷ್ಮೆಯ ಹೊದಿಕೆಯಂತೆ ಹಾಡನ್ನು ಮುಚ್ಚಿಬಿಡುತ್ತವೆ. ಪಿಯಾನೋ ವಾದಕನಾದ ಕೋಲ್ ಇಲ್ಲಿ ಬಹುಮಟ್ಟಿಗೆ ಮರೆಯಾಗಿದ್ದಾನೆ. ಅವನನ್ನು ಕಾಣಬೇಕೆನ್ನುವವರು ಡಯಾನಾ ಕ್ರಾಲ್ 1996ರಲ್ಲಿ ಕೋಲನ ಮೂವರ ಮೇಳಕ್ಕೆ ಅರ್ಪಿಸಿದ ‘ಆಲ್ ಫಾರ್ ಯು’ ಕೇಳಬೇಕು. ಪಿಯಾನೋ, ಗಿಟಾರ್, ಬಾಸ್ ಮೂರರ ಸಲ್ಲಾಪ ಅಲ್ಲಿದೆ. ಆಕೆ ನಮಿಸಿದ್ದು ಕೋಲನ ಕುಶಲತೆಗೆ. ಪೋರ್ಟರ್ ನಮಿಸಿದ್ದು ತನ್ನ ಬಾಲ್ಯದ ಬರಿದನ್ನು ತುಂಬಿದ ದನಿಗೆ.

ಸಾಹಿತ್ಯದಲ್ಲಿಯೂ ಈ ಮಾತು ಸಲ್ಲುತ್ತದೆ. ಹಿರಿಯರ ಋಣ ತೀರುವುದು ಅವರ ದನಿಯಲ್ಲಿ ಮಾತನಾಡುವುದರಿಂದಲ್ಲ; ಅವರಿಂದ ದೊರೆತ ಧೈರ್ಯದಿಂದ ನಮ್ಮ ದನಿಯಲ್ಲಿ ಮಾತನಾಡುವುದರಿಂದ. ಹೆಬ್ಬೆರಳಿದ್ದರಲ್ಲವೆ ಬಾಣ ಹೂಡಲು ಸಾಧ್ಯ?