ಗದ್ದೆ ಮುಚ್ಚಿದರೆ ನೀರು ಎಲ್ಲಿಗೆ ಹೋಗಬೇಕು?

ಸುಲ್ತಾನ್ ಬತ್ತೇರಿಗೆ ಹಿಂದೆ ‘ಹನ್ನೆರಡು ಬೀದಿ’ ಎಂಬ ಕನ್ನಡ ಹೆಸರೂ ಇತ್ತು. 2015ರಲ್ಲಿ ಬತ್ತೇರಿ, ಮಾನಂತವಾಡಿ ನಗರಸಭೆಗಳಾದವು. ಕಲ್ಪೆಟ್ಟ ಅದಕ್ಕೂ ಮೊದಲೇ ಆಗಿತ್ತು. ಪೇಟೆ ಬೆಳೆಯೋದು ತಪ್ಪಲ್ಲ. ಎಲ್ಲಿ ಬೆಳೆಯುತ್ತಿದೆ ಅನ್ನೋದೇ ಪ್ರಶ್ನೆ.

ವಯನಾಡು ಅಂದರೆ ವಯಲುಗಳ ನಾಡು, ಗದ್ದೆಗಳ ನಾಡು ಅಂತಾರೆ. ಗುಡ್ಡಗಳ ನಡುವಿನ ಗದ್ದೆ ಬರೀ ಭತ್ತದ ಜಾಗವಲ್ಲ. ಮಳೆಗಾಲದ ನೀರು ಹಿಡಿದಿಟ್ಟು ಬಾವಿಗೂ ಹೊಳೆಗೂ ನಿಧಾನವಾಗಿ ಬಿಡುವ ಜಾಗ. ಮೊದಲು ಭತ್ತ ಹೋಗಿ ಬಾಳೆ ಬರುತ್ತದೆ, ಆಮೇಲೆ ಮಣ್ಣು, ಕೊನೆಗೆ ಕಟ್ಟಡ. ಆ ಮಣ್ಣಿಗಾಗಿ ಗುಡ್ಡ ಕಡಿದರೆ ಅಲ್ಲಿ ಇಳಿಜಾರು ಸಡಿಲ, ಇಲ್ಲಿ ನೀರಿಗೆ ದಾರಿಯಿಲ್ಲ. ಇಲ್ಲಿನ ಮಳೆಯೇ ಕಬಿನಿಯಾಗಿ ಎಚ್.ಡಿ. ಕೋಟೆಗೆ ಇಳಿಯೋದು. ಹಾಗಾಗಿ ನಷ್ಟ ಗಡಿಯ ಎರಡೂ ಕಡೆಗೆ.

ಕಾನೂನು ಇಲ್ಲ ಅನ್ನುವಂತಿಲ್ಲ. ಗದ್ದೆ, ಜೌಗು ಭೂಮಿ ಮುಚ್ಚದಂತೆ ಕೇರಳ 2008ರಲ್ಲೇ ಕಾಯ್ದೆ ತಂದಿದೆ. 2015ರಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಕಟ್ಟಡಗಳ ಎತ್ತರಕ್ಕೂ ಮಿತಿ ಹಾಕಿತು. ಆದರೆ ಕಾಗದದ ಮೇಲಿನ ಗೆರೆ ಜೆಸಿಬಿಯನ್ನು ತಡೆಯೋದಿಲ್ಲ, ತಡೆಯಬೇಕಾದ್ದು ಅಧಿಕಾರಿಗಳು.

2019ರ ಪುತ್ತುಮಲ, 2024ರ ಜುಲೈ 30ರ ಮುಂಡಕೈ-ಚೂರಲ್‌ಮಲ ಕುಸಿತಗಳನ್ನು ಮರೆಯೋ ಹಾಗಿಲ್ಲ. 2024ರ ದುರಂತದಲ್ಲಿ ಕರ್ನಾಟಕ ಮೂಲದವರೂ ಜೀವ ಕಳಕೊಂಡರು. ಆ ಗುಡ್ಡ ಕುಸಿದದ್ದು ಪೇಟೆಯ ಕಟ್ಟಡಗಳಿಂದಲ್ಲ, ವಿಪರೀತ ಮಳೆಯಿಂದ. ಆದರೆ ನೀರಿನ ದಾರಿಯಲ್ಲಿ ಮನೆಗಳಿದ್ದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು. ಸಂತ್ರಸ್ತರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಬಡಾವಣೆಗೆ 2025ರ ಮಾರ್ಚ್ 27ರಂದು ಶಂಕುಸ್ಥಾಪನೆಯಾಯಿತು. ಮನೆಗೆ 7 ಸೆಂಟ್ಸ್ ಜಾಗ, 1000 ಚದರಡಿ ಕಟ್ಟಡ ಎಂಬ ಲೆಕ್ಕ. ದುರಂತವಾದ ಮೇಲೆ ಜಾಗ ನೋಡಿ, ಯೋಜನೆ ಹಾಕಿ ಕಟ್ಟಲು ಬರುತ್ತದೆ ಅಂದ ಮೇಲೆ, ಮೊದಲೇ ಯಾಕೆ ಆಗಬಾರದು?

ಮೂರೂ ನಗರಸಭೆಗಳು ಉಳಿದಿರುವ ಗದ್ದೆ, ತೋಡುಗಳನ್ನು ಗುರುತಿಸಿ ನಕ್ಷೆಯನ್ನು ಜನರ ಕಣ್ಣಿಗೆ ಬೀಳುವಂತೆ ಹಾಕಲಿ. ಈ ಕಡೆ ಸೈಟು ಕೊಳ್ಳುವ ನಮ್ಮವರೂ ದಲ್ಲಾಳಿಯ ಮಾತು ನಂಬಿ ಮುಂಗಡ ಕೊಡಬಾರದು. ಆ ಸರ್ವೆ ನಂಬರು ಗದ್ದೆಗಳ ಡೇಟಾ ಬ್ಯಾಂಕಿನಲ್ಲಿ ಇದೆಯೇ ಎಂದು ಕೃಷಿ ಭವನದಲ್ಲಿ ಮೊದಲು ಕೇಳಲಿ. ಅಗ್ಗಕ್ಕೆ ಸಿಕ್ಕ ಗದ್ದೆ ಸೈಟಿಗೆ ಕೊನೆಗೆ ಮನೆಯ ಪರವಾನಗಿಯೂ ಸಿಗದೆ ಹೋದೀತು.