ಮನವಿ ಪತ್ರ: ಆಸಿಡ್ ಮತ್ತು ಹೈಪೋ ಟ್ಯಾಂಕುಗಳನ್ನು ಬೇರ್ಪಡಿಸುವ ಕುರಿತು

ವಿಲೆ ಪಾರ್ಲೆ (ಪೂರ್ವ), ಮುಂಬಯಿ
ಜುಲೈ 2025

ಗೆ,
ಮಾನ್ಯ ನಿರ್ದೇಶಕರು,
ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯ,
ಮಹಾರಾಷ್ಟ್ರ ಸರ್ಕಾರ, ಮುಂಬಯಿ

ಇಂದ: ವಿಲೆ ಪಾರ್ಲೆಯಲ್ಲಿ ವಾಸವಿರುವ ಕನ್ನಡಿಗ ಗುತ್ತಿಗೆ ಕಾರ್ಮಿಕರು (ಸಹಿಗಳು ಲಗತ್ತು 1ರಲ್ಲಿ, ಮರಾಠಿ ಪ್ರತಿ ಜೊತೆಗಿದೆ)

ಮಾನ್ಯರೇ,

ನಾವು ದುಡಿಯುವ ನೈಸರ್ಗಿಕ ಅನಿಲ ವಿದ್ಯುತ್ ಸ್ಥಾವರದ ಹೆಸರು, ವಿಳಾಸ ಲಗತ್ತು 2ರಲ್ಲಿವೆ. ಅಲ್ಲಿ ಅನಿಲದ ಪೈಪಿಗೆ ಪಾಳಿಗೊಮ್ಮೆ ತಪಾಸಣೆಯುಂಟು. ಹಿಂಬದಿಯಲ್ಲಿ ನೀರಿನ ಖನಿಜಾಂಶ ತೆಗೆಯುವ ಡಿಎಂ ಪ್ಲಾಂಟಿನತ್ತ ಮಾತ್ರ ಯಾರೂ ಸುಳಿಯುವುದಿಲ್ಲ. ಬಾಯ್ಲರಿನ ನೀರು ಶುದ್ಧಮಾಡಲು ಹೈಡ್ರೋಕ್ಲೋರಿಕ್ ಆಸಿಡ್ ಬೇಕು, ಕೂಲಿಂಗ್ ಟವರಿನಲ್ಲಿ ಪಾಚಿ ಕಟ್ಟದಿರಲು ಸೋಡಿಯಂ ಹೈಪೋಕ್ಲೋರೈಟ್ (ಹೈಪೋ) ಬೇಕು, ಒಪ್ಪೋಣ. ಆದರೆ ಎರಡೂ ಟ್ಯಾಂಕು ಒಂದೇ ಕಟ್ಟೆಯೊಳಗಿವೆ. ಸೋರಿದ್ದೆಲ್ಲ ಒಂದೇ ಗುಂಡಿಗೆ ಇಳಿಯುತ್ತದೆ. ಇವೆರಡು ಕೂಡಿದರೆ ಹುಟ್ಟುವುದು ಕ್ಲೋರಿನ್ ಎಂದು ತಮಗೆ ನಾವು ತಿಳಿಸಬೇಕಿಲ್ಲ. ಸ್ಥಾವರದ ಆಡಳಿತಕ್ಕೆ ಯಾರು ತಿಳಿಸಬೇಕೋ ಕಾಣೆವು.

ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ ಆಸಿಡ್ ಪೈಪಿನ ಜೋಡಣೆ ಸೋರಿ ಗುಂಡಿಯಿಂದ ಹಳದಿ ಹಸಿರು ಹೊಗೆ ಎದ್ದಿತು. ಇಬ್ಬರನ್ನು ಆಸ್ಪತ್ರೆಗೆ ಹೊತ್ತೊಯ್ದೆವು. ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಬರೆದದ್ದು ‘ಧೂಳಿನಿಂದ ಕೆಮ್ಮು’ (ಲಗತ್ತು 3). ಆಸ್ಪತ್ರೆಯ ಚೀಟಿ ಬೇರೆಯದನ್ನೇ ಹೇಳುತ್ತದೆ (ಲಗತ್ತು 4). ಗುಂಡಿಯ ಫೋಟೋಗಳು ಲಗತ್ತು 5ರಲ್ಲಿ, ಲಾಗ್ ಪುಸ್ತಕದ ಪುಟಗಳು 6ರಲ್ಲಿ, ಸೋರಿಕೆಗೆ ಬಹಳ ಮುಂಚೆಯೇ ಆಡಳಿತಕ್ಕೆ ನಾವು ಬರೆದ ಪತ್ರಗಳು ಸ್ವೀಕೃತಿಯ ಮೊಹರಿನೊಂದಿಗೆ 7ರಲ್ಲಿವೆ. ಮೊಹರು ಬಿದ್ದಿತು, ಉತ್ತರ ಬರಲಿಲ್ಲ.

ಸೋರಿಕೆಯೊಂದೇ ಅಲ್ಲ, ರಾಸಾಯನಿಕ ತರುವ ಟ್ಯಾಂಕರಿನ ಪೈಪು ಎರಡೂ ಟ್ಯಾಂಕಿನ ಬಾಯಿಗೆ ಸಲೀಸಾಗಿ ಕೂರುತ್ತದೆ, ಮೇಲಿನ ಬರಹ ಅಳಿಸಿಹೋಗಿದೆ. 2016ರ ಅಕ್ಟೋಬರ್ 21ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಆಚಿಸನ್ನಿನಲ್ಲಿ ಹೀಗೆಯೇ ಸಲ್ಫ್ಯೂರಿಕ್ ಆಸಿಡ್ ಹೈಪೋ ಟ್ಯಾಂಕಿಗೆ ಹರಿದು 140ಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಓಡಬೇಕಾಯಿತು. ಅಷ್ಟು ದೂರ ಏಕೆ? 2010ರ ಜುಲೈ 14ರಂದು ನಮ್ಮ ಶಿವಡಿಯಲ್ಲೇ ಹಳೆಯ ಸಿಲಿಂಡರಿನ ಕ್ಲೋರಿನ್ ಎಷ್ಟೋ ಮಂದಿಯನ್ನು ಆಸ್ಪತ್ರೆಗೆ ತಳ್ಳಿತ್ತು.

ಕಾರ್ಖಾನೆಗಳ ಕಾಯ್ದೆಯ 41ಬಿ, 41ಹೆಚ್ ಕಲಮುಗಳೂ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳೂ ತಮ್ಮ ಮೇಜಿನ ಮೇಲೆಯೇ ಇರುವಂಥವು. ಆದ್ದರಿಂದ ಕೋರುವುದೇನೆಂದರೆ:

1. ಮುನ್ಸೂಚನೆ ಕೊಡದೆ, ರಾತ್ರಿ ಪಾಳಿಯಲ್ಲಿ ತಪಾಸಣೆ ನಡೆಸಬೇಕು. ಮುನ್ಸೂಚನೆ ಸಿಕ್ಕರೆ ಗುಂಡಿ ತೊಳೆದಿರುತ್ತದೆ.

2. ಎರಡೂ ಟ್ಯಾಂಕಿಗೆ ಪ್ರತ್ಯೇಕ ಕಟ್ಟೆ, ಪ್ರತ್ಯೇಕ ಚರಂಡಿ, ಒಂದರ ಪೈಪು ಇನ್ನೊಂದಕ್ಕೆ ಕೂರದಂಥ ಜೋಡಣೆ ಆಗಬೇಕು. ಅಲ್ಲಿಯವರೆಗೆ ಟ್ಯಾಂಕರಿನಿಂದ ರಾಸಾಯನಿಕ ಇಳಿಸುವುದನ್ನು ತಡೆಯಬೇಕು.

3. ಅಸ್ವಸ್ಥರಾದ ಇಬ್ಬರ ದಾಖಲೆ ತಿದ್ದಿಸಿ, ಆಸ್ಪತ್ರೆಯ ಖರ್ಚನ್ನೂ ರಜೆಯ ಕೂಲಿಯನ್ನೂ ಕೊಡಿಸಬೇಕು.

4. ಸುರಕ್ಷತಾ ಸಮಿತಿಯಲ್ಲಿ ಗುತ್ತಿಗೆ ಕಾರ್ಮಿಕರಿಗೂ ಸ್ಥಾನ, ಕೈಗವಸು, ಕಣ್ಣು ತೊಳೆಯಲು ಕೆಟ್ಟುಹೋಗಿರದ ನಲ್ಲಿ ಒದಗಿಸಬೇಕು.

5. ರಾಸಾಯನಿಕ ಉಗ್ರಾಣಕ್ಕೆ ಅರ್ಹರನ್ನೇ ನೇಮಿಸಬೇಕು. ಐಟಿಐ ಮುಗಿಸಿದ, ಅನುಭವವುಳ್ಳ ಇಬ್ಬರು ನಮ್ಮಲ್ಲೇ ಇದ್ದಾರೆಂಬುದು ತಮ್ಮ ಅವಗಾಹನೆಗೆ.

ಈ ಪತ್ರಕ್ಕೆ ಸಹಿ ಹಾಕಿದ ಯಾರನ್ನೂ ಕೆಲಸದಿಂದ ತೆಗೆಯದಂತೆ ಗುತ್ತಿಗೆದಾರರಿಗೆ ಲಿಖಿತ ಸೂಚನೆ ಹೋಗಲಿ. ಮಳೆಗಾಲದಲ್ಲಿ ಆ ಗುಂಡಿ ತುಂಬಿ ಹರಿಯುತ್ತದೆ. ಆದ್ದರಿಂದ ಈ ತಿಂಗಳೊಳಗೆ ತಪಾಸಣೆ ನಡೆಸಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಕಾರ್ಮಿಕರು